ಅಮೆರಿಕದಲ್ಲಿ ಮಿನಿ ಸ್ಪ್ಲಿಟ್ ಎಸಿ: ಯಾವ ಕೆಲಸ ನೀವು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು

ಬೆಂಗಳೂರಿನಲ್ಲಿ ಸ್ಪ್ಲಿಟ್ ಎಸಿ ತಗೊಂಡರೆ ಅಂಗಡಿಯವರೇ ಇಬ್ಬರು ಹುಡುಗರನ್ನು ಕಳಿಸುತ್ತಾರೆ. ಗೋಡೆಗೆ ತೂತು, ತಾಮ್ರದ ಪೈಪು, ಒಂದು ಲೋಟ ಕಾಫಿ, ಮಧ್ಯಾಹ್ನದೊಳಗೆ ಕೆಲಸ ಮುಗೀತು. ಅಮೆರಿಕದ ಮನೆಗಳಲ್ಲಿ ಹೆಚ್ಚಾಗಿ ಡಕ್ಟ್ ಇರುವ ಸೆಂಟ್ರಲ್ ಎಸಿ. ಹಾಗಾಗಿ ಇದೇ ಯಂತ್ರ ಅಲ್ಲಿ ಮಿನಿ ಸ್ಪ್ಲಿಟ್ ಅನ್ನಿಸಿಕೊಂಡು, ಹಾಕಿಸುವ ಕೂಲಿಯೇ ಎಷ್ಟೋ ಸಲ ಯಂತ್ರದ ಬೆಲೆ ದಾಟುತ್ತದೆ. ಅಲ್ಲಿ ಕೆಲವು ಕಾಲ ಇದ್ದು ಈಗ ಜಯನಗರಕ್ಕೆ ವಾಪಸ್ ಬಂದಿರುವ ನನಗೆ ಡಲ್ಲಾಸ್, ಫೀನಿಕ್ಸ್ ಕಡೆಯ ನೆಂಟರು ಬೇಸಿಗೆ ಬಂತೆಂದರೆ ಕೇಳುವುದು ಇದನ್ನೇ: ನಾವೇ ಹಾಕಿಕೊಂಡರೆ ಆಗಲ್ವಾ?

ಆಗುತ್ತದೆ, ತಂಪು ಮಾಡುವ ಗ್ಯಾಸ್ (ರೆಫ್ರಿಜರೆಂಟ್) ಒಂದನ್ನು ಬಿಟ್ಟು.

ನಮ್ಮೂರಿನಲ್ಲಿ ಕೆಲವು ಮೆಕ್ಯಾನಿಕ್‌ಗಳು ಪೈಪಿನೊಳಗಿನ ಗಾಳಿ ತೆಗೆಯಲು ಸ್ವಲ್ಪ ಗ್ಯಾಸ್ ಹೊರಗೆ ಬಿಡುತ್ತಾರಲ್ಲ, ಅದು ಅಲ್ಲಿ ಕಾನೂನುಬಾಹಿರ. ಕ್ಲೀನ್ ಏರ್ ಆ್ಯಕ್ಟ್‌ನ 608ನೇ ಸೆಕ್ಷನ್ ಪ್ರಕಾರ ಇಪಿಎ (ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ) ಒಪ್ಪಿದ ಸರ್ಟಿಫಿಕೇಟ್ ಇಲ್ಲದವರು ರೆಫ್ರಿಜರೆಂಟ್ ಲೈನ್ ಬಿಚ್ಚಿ ಕೆಲಸ ಮಾಡುವಂತಿಲ್ಲ. ಗ್ಯಾಸ್ ಸಿಲಿಂಡರ್ ಕೂಡ ಸರ್ಟಿಫಿಕೇಟ್ ಇದ್ದವರಿಗೇ ಮಾರಬೇಕು. ಮಿನಿ ಸ್ಪ್ಲಿಟ್‌ಗೆ ಬೇಕಾದದ್ದು ಟೈಪ್ 2 ಸರ್ಟಿಫಿಕೇಟ್. ಪರೀಕ್ಷೆಯಲ್ಲಿ ಎರಡು ಭಾಗ, ಎಲ್ಲರಿಗೂ ಸಾಮಾನ್ಯವಾದ ಕೋರ್ ಮತ್ತು ಟೈಪ್ 2, ತಲಾ 25 ಪ್ರಶ್ನೆ, 70 ಪರ್ಸೆಂಟ್ ಬಂದರೆ ಪಾಸ್. ಒಮ್ಮೆ ಪಾಸಾದರೆ ನವೀಕರಿಸುವ ತಾಪತ್ರಯವಿಲ್ಲ. ನಮ್ಮವರಿಗೆ ಪರೀಕ್ಷೆ ಕಷ್ಟವೇನಲ್ಲ, ಆದರೆ ಒಂದು ಎಸಿಗೋಸ್ಕರ ವ್ಯಾಕ್ಯೂಮ್ ಪಂಪು, ನಿರ್ವಾತ ಎಷ್ಟಾಗಿದೆ ಅಂತ ಅಳೆಯುವ ಮೈಕ್ರಾನ್ ಗೇಜು, ಟಾರ್ಕ್ ರೆಂಚು ಎಲ್ಲ ಕೊಳ್ಳಬೇಕಾಗುತ್ತದೆ. ಪೈಪು ಕೂಡಿಸುವ ಫ್ಲೇರ್ ನಟ್ ಬಿಗಿಮಾಡಿ, ನೈಟ್ರೋಜನ್ ತುಂಬಿ ಲೀಕ್ ನೋಡಿ, ಆಮೇಲೆ ಪಂಪಿನಿಂದ ಒಳಗಿನ ಗಾಳಿ ಎಳೆದು ಗೇಜನ್ನು 500 ಮೈಕ್ರಾನ್‌ಗಿಂತ ಕೆಳಗಿಳಿಸಿ, ಪಂಪು ನಿಲ್ಲಿಸಿದ ಮೇಲೂ ಅದು ಏರದೆ ನಿಂತಿದೆಯಾ ಅಂತ ಕಾಯುವ ತಾಳ್ಮೆ ನಿಮಗಿದ್ದರೆ ಸರಿ.

ಇಲ್ಲದಿದ್ದರೆ ಎರಡು ದಾರಿ. ಒಂದು, ನೀವೇ ಹಾಕಿಕೊಳ್ಳಲೆಂದೇ ಮಾಡಿದ ಮಿಸ್ಟರ್‌ಕೂಲ್ ಡಿಐವೈ ತರಹದ ಕಿಟ್. ಅದರ ಪೈಪಿನಲ್ಲಿ ಮೊದಲೇ ಗ್ಯಾಸ್ ತುಂಬಿರುತ್ತದೆ, ಜೋಡಿಸಿ ಬಿಗಿಮಾಡಿದರೆ ಆಯಿತು. ಆದರೆ ಆ ಪೈಪನ್ನು ಕತ್ತರಿಸುವಂತಿಲ್ಲ, ಉಳಿದ ಉದ್ದವನ್ನು ಯಂತ್ರದ ಹಿಂದೆ ಅಡ್ಡಡ್ಡ ಸುರುಳಿ ಮಾಡಿ ಇಡಬೇಕು. ಇನ್ನೊಂದು, ತೂತು, ಬ್ರ್ಯಾಕೆಟ್, ಡ್ರೈನ್ ಎಲ್ಲ ನೀವು ಮಾಡಿಟ್ಟು ಕೊನೆಯ ಗ್ಯಾಸ್ ಕೆಲಸಕ್ಕೆ ಮಾತ್ರ ಲೈಸೆನ್ಸ್ ಇದ್ದವರನ್ನು ಕರೆಯುವುದು. ನನ್ನ ಓಟು ಇದಕ್ಕೇ. ಬೇರೆಯವರು ಅರ್ಧ ಮಾಡಿಟ್ಟ ಕೆಲಸ ಮುಟ್ಟಲ್ಲ ಅನ್ನುವವರೂ ಇದ್ದಾರೆ, ಆದ್ದರಿಂದ ಯಂತ್ರ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕಂಪನಿಯ ವಾರಂಟಿ ಶರತ್ತನ್ನೂ ಓದಿ, ಎಷ್ಟೋ ಕಂಪನಿಗಳು ಲೈಸೆನ್ಸ್ ಇದ್ದವರು ಹಾಕಿದರೆ ಮಾತ್ರ ವಾರಂಟಿ ಕೊಡುತ್ತವೆ.

ಗ್ಯಾಸ್ ಕೂಡ ಬದಲಾಗಿದೆ. 2025ರಿಂದ ಹೊಸ ಮಾಡೆಲ್‌ಗಳು ಆರ್-410ಎ ಬಿಟ್ಟು ಆರ್-32 ಇಲ್ಲವೇ ಆರ್-454ಬಿಗೆ ಹೋಗಿವೆ. ಇವೆರಡೂ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥವು, ಸುಮ್ನೆ ಆಟ ಬೇಡ.

ಇನ್ನು ಪರ್ಮಿಟ್. ಇದು ನಿಮ್ಮ ಸಿಟಿ ಅಥವಾ ಕೌಂಟಿಯ ಬಿಲ್ಡಿಂಗ್ ಡಿಪಾರ್ಟ್‌ಮೆಂಟ್ ಕೊಡುವಂಥದ್ದು, ಊರಿಂದೂರಿಗೆ ನಿಯಮ ಬೇರೆ. ಸ್ವಂತ ಮನೆಯಲ್ಲಿ ವಾಸವಿರುವವರೇ ಕೆಲಸ ಮಾಡಲು ಬಹಳ ಕಡೆ ಬಿಡುತ್ತಾರೆ, ಮುಗಿದ ಮೇಲೆ ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಕೆಲವು ಕಡೆ ವೈರಿಂಗ್‌ಗೆ ಎಲೆಕ್ಟ್ರಿಷಿಯನ್ನೇ ಬೇಕು. ಪರ್ಮಿಟ್ ಇಲ್ಲದೆ ಹಾಕಿದರೆ ಯಾರು ನೋಡುತ್ತಾರೆ ಅನ್ನಿಸಬಹುದು. ಮನೆ ಮಾರುವಾಗ ನೋಡುತ್ತಾರೆ! ಬಡಾವಣೆಗೆ ಎಚ್‌ಒಎ (ಮನೆ ಮಾಲೀಕರ ಸಂಘ) ಇದ್ದರೆ ಹೊರಗಿನ ಯೂನಿಟ್ ಎಲ್ಲಿಡಬೇಕು ಅಂತ ಅವರನ್ನೂ ಕೇಳಬೇಕು. ಬಾಡಿಗೆ ಮನೆಯಾದರೆ ಈ ಯೋಚನೆಯೇ ಬೇಡ, ಕಿಟಕಿ ಎಸಿ ಸಾಕು.

ಕರೆಂಟು: ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಅಲ್ಲಿ 120 ಮತ್ತು 240, 60 ಹರ್ಟ್ಸ್. ಇಲ್ಲಿಂದ ಎಸಿ ಸಾಗಿಸುವ ಆಸೆ ಬಿಡಿ. ಮಿನಿ ಸ್ಪ್ಲಿಟ್‌ಗೆ ಮನೆಯ ಬ್ರೇಕರ್ ಪ್ಯಾನೆಲ್‌ನಿಂದ ಅದರದ್ದೇ ಬೇರೆ ಸರ್ಕ್ಯೂಟ್ ಬೇಕು, ಹೊರಗಿನ ಯೂನಿಟ್‌ನಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ ಡಿಸ್‌ಕನೆಕ್ಟ್ ಸ್ವಿಚ್ ಇರಬೇಕು. ವೈರು, ಬ್ರೇಕರ್ ಅಳತೆ ಯೂನಿಟ್‌ನ ನೇಮ್‌ಪ್ಲೇಟ್ ಮೇಲೇ ಇರುತ್ತದೆ, ಅಂದಾಜು ಬೇಡ. ಮೇನ್ ಬ್ರೇಕರ್ ಆಫ್ ಮಾಡಿದರೂ ಪ್ಯಾನೆಲ್‌ಗೆ ಬರುವ ದಪ್ಪ ವೈರುಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇದು ಗೊತ್ತಿಲ್ಲದವರು ಪ್ಯಾನೆಲ್ ಮುಚ್ಚಳ ತೆಗೆಯಬೇಡಿ.

ಸೈಜು ಆರಿಸುವಾಗ, ಒಂದು ಟನ್ ಅಂದರೆ ಗಂಟೆಗೆ 12,000 ಬಿಟಿಯು (ಶಾಖದ ಅಳತೆ). ಇರಲಿ ಅಂತ ದೊಡ್ಡದು ತಗೊಂಡರೆ ಕೋಣೆ ಬೇಗ ತಂಪಾಗಿ, ಸೆಕೆಯ ತೇವ ಹಾಗೇ ಉಳಿಯುತ್ತದೆ. ಹ್ಯೂಸ್ಟನ್ ತರಹದ ಊರಲ್ಲಿ ಅದು ಜಾಸ್ತಿ ಹಿಂಸೆ. ದುಡ್ಡಿನ ಲೆಕ್ಕದಲ್ಲಿ ಇನ್ನೊಂದು ಮಾತು: ಹೀಟ್ ಪಂಪ್‌ಗೆ (ಚಳಿಗಾಲದಲ್ಲಿ ಬಿಸಿ ಗಾಳಿಯನ್ನೂ ಕೊಡುವ ಮಿನಿ ಸ್ಪ್ಲಿಟ್ ಕೂಡ ಇದೇ) ಇದ್ದ ಫೆಡರಲ್ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಹಳೆಯ ವಿಡಿಯೋ ನೋಡಿ ಅದನ್ನು ನಂಬಿಕೊಳ್ಳಬೇಡಿ.

ಹಾಕಿದ ಮೇಲಿನ ಆರೈಕೆ ಪೂರಾ ನಿಮ್ಮದೇ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆಯಾದರೂ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಿ, ಒಗ್ಗರಣೆ ಹೊಗೆ ತಾಕುವ ಕಡೆ ಇದ್ದರೆ ಇನ್ನೂ ಬೇಗ. ಒಳಗಿನ ಬ್ಲೋವರ್‌ಗೆ ಜಿಡ್ಡು ಮೆತ್ತಿದರೆ ಗಾಳಿ ಕಡಿಮೆಯಾಗಿ ವಾಸನೆ ಶುರುವಾಗುತ್ತದೆ. ಗೋಡೆಗೆ ನೀರಿಳಿದರೆ ಮೊದಲು ಡ್ರೈನ್ ಪೈಪು ನೋಡಿ. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸುವ ನಮ್ಮ ರೂಢಿ ಮಾತ್ರ ಬೇಡ. ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಲೀಕ್ ಇದೆ ಅಂತಲೇ ಅರ್ಥ. ಹಿಮ ಬೀಳುವ ಊರಾದರೆ ಹೊರಗಿನ ಯೂನಿಟ್ ಅನ್ನು ಸ್ಟ್ಯಾಂಡ್ ಮೇಲೆ ಎತ್ತರಕ್ಕಿಡಿ. ಚಳಿಗಾಲದಲ್ಲಿ ಅದು ತನ್ನ ಮೇಲಿನ ಮಂಜು ಕರಗಿಸಿಕೊಳ್ಳುವಾಗ ಬಿಳಿ ಆವಿ ಏಳುತ್ತದೆ, ಬೆಂಕಿ ಅಂತ 911ಕ್ಕೆ ಫೋನ್ ಮಾಡಬೇಡಿ.