ಆಟಿ ಮಳೆಯಲ್ಲಿ ಅಜ್ಜನ ಚಿತೆ: ನನ್ನ ಅನುಭವ

ಡೀಸೆಲ್, ಹಳೇ ಟೈರು, ಸಕ್ಕರೆ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಸಾವಾದರೆ ಚಿತೆಗೆ ಏನೇನು ಸುರಿಯುತ್ತಾರೆ ಅಂತ ಕೊಡಗಿನ ಭಾಗಮಂಡಲದ ಕಡೆಯವರಿಗೆ ಹೇಳಬೇಕಿಲ್ಲ. ಮಳೆ ವರ್ಷಕ್ಕೆ 200 ಇಂಚು ದಾಟುವ ಜಾಗ. ಅಜ್ಜನಿಗೆ ಇದ್ಯಾವುದೂ ಬೇಡ, ಚಿತೆಗೆ ಮಳೆ ಬೀಳದ ಹಾಗೆ ಪೈಪು ನಿಲ್ಲಿಸಿ ಮೇಲೊಂದು ಮಾಡು ಕಟ್ಟಿ, ಒಣ ಸೌದೆಯಲ್ಲೇ ಮುಗಿಸುತ್ತೇನೆ ಅಂದಾಗ ದೊಡ್ಡಪ್ಪ ನಕ್ಕುಬಿಟ್ಟರು. "ಅರ್ಧ ಬೆಂದದ್ದನ್ನು ನೋಡುವ ಕರ್ಮ ಯಾಕೆ, ಮೈಸೂರಿಗೆ ಒಯ್ದು ಕರೆಂಟಿನಲ್ಲಿ ಸುಡೋಣ" ಅಂತ ಚಿಕ್ಕಪ್ಪ. ಆದರೆ ಅಜ್ಜ ಹಾಸಿಗೆ ಹಿಡಿದಾಗಲೇ ಹೇಳಿಟ್ಟಿದ್ದರು, ತೋಟ ಬಿಟ್ಟು ಎಲ್ಲಿಗೂ ಒಯ್ಯಬೇಡ ಅಂತ. ಬದುಕಿರುವವರಿಗೆ ಚಿತೆ ಕಟ್ಟುತ್ತಾನೆ ಅಂತ ಅತ್ತೆ ಬೈದರು. ಅಜ್ಜ ಮಾತ್ರ ಪೈಪಿನ ಬಿಲ್ಲು ಎಷ್ಟಾಯಿತು ಅಂತ ಕೇಳುತ್ತಲೇ ಇದ್ದರು.

ಮೊದಲು ಟಾರ್ಪಾಲ್ ಕಟ್ಟಿ, ಕೆಳಗೆ ಬರೀ ಸೌದೆ ಉರಿಸಿ ನೋಡಿದೆ. ಕಾಲು ಗಂಟೆಗೆ ತೂತು ಬಿದ್ದು ಉರಿಯುವ ಹನಿ ಸುರಿಯಿತು. ಆಮೇಲೆ ತಗಡು, 7 ಅಡಿ ಎತ್ತರಕ್ಕೆ. ತಗಡು ಕೆಂಪಾಗಿ ಮುದುಡಿತು, ಪೈಪು ಬಾಗಿತು, ಹೊಗೆಯೆಲ್ಲ ನಮ್ಮ ಮುಖಕ್ಕೇ. ಕೊನೆಗೆ 11 ಅಡಿಗೆ ಏರಿಸಿ, ಎರಡು ಇಳಿಜಾರಿನ ನಡುವೆ ಮೊಳದಷ್ಟು ಸಂದು ಬಿಟ್ಟು, ಸಂದಿನ ಮೇಲೆ ಇನ್ನೊಂದು ತಗಡನ್ನು ಟೊಪ್ಪಿ ಹಾಗೆ ಕೂರಿಸಿದೆ. ಹೊಗೆ ಸಲೀಸಾಗಿ ಮೇಲೆ ಹೋಯಿತು. ಗಾಳಿ ಹೊಡೆಯುವ ಪಡುವಣ ಬದಿಗೆ ಸೊಂಟದಿಂದ ಮೇಲಕ್ಕೆ ಮಾತ್ರ ಮರೆ; ಕೆಳಗೂ ಮುಚ್ಚಿದರೆ ಬೆಂಕಿಗೆ ಗಾಳಿ ಸಿಗದು. ಸೌದೆ ಒಟ್ಟಿದ್ದು ನೆಲದ ಮೇಲಲ್ಲ, ಒಂದೂವರೆ ಅಡಿ ಎತ್ತರದ ಕಬ್ಬಿಣದ ಮಂಚದ ಮೇಲೆ.

ಸೌದೆ ಸರಿಯಿಲ್ಲದಿದ್ದರೆ ಮಾಡು ಕಟ್ಟಿಯೂ ದಂಡ. ಕಾಫಿ ತೋಟದ ನೆರಳಿಗೆ ಬೆಳೆಸುವ ಹಾಲುವಾಣ ಸೌದೆಯೇ ಅಲ್ಲ, ಬಿಡಿ. ಮರಗಸಿಯಲ್ಲಿ (ನೆರಳಿನ ಮರದ ಕೊಂಬೆ ಕಡಿಯುವಾಗ) ಸಿಕ್ಕ ಸಿಲ್ವರ್ ಓಕ್ ಬೇಗ ಹತ್ತುತ್ತೆ, ಬೇಗ ಇಳಿಯುತ್ತೆ. ಕಿತ್ತ ಹಳೇ ರೋಬಸ್ಟಾ ಕಾಫಿ ಗಿಡದ ಬೊಡ್ಡೆ ಒಮ್ಮೆ ಕೆಂಡವಾದರೆ ಆರುವುದಿಲ್ಲ, ನಡುಭಾಗಕ್ಕೆ ಅದೇ ಬೇಕು. ಮಾರ್ಚಿನಲ್ಲಿ ಸೀಳಿ ಕಣದಲ್ಲಿ ಒಣಗಿಸಿ, ಮಳೆ ಹಿಡಿಯುವ ಮೊದಲೇ ಅಟ್ಟಕ್ಕೆ ಹಾಕಿದೆ. ಎರಡು ತುಂಡು ಬಡಿದರೆ ಟಣ್ ಅನ್ನಬೇಕು. ದಬ್ ಅಂದರೆ ಒಳಗೆ ನೀರಿದೆ, ಹಚ್ಚಿದಾಗ ತುದಿಯಲ್ಲಿ ನೊರೆ ಉಕ್ಕುತ್ತೆ. ಕಾಫಿ ಸಿಪ್ಪೆಯನ್ನೂ ಪ್ರಯತ್ನಿಸಿದೆ, ಉರಿಗಿಂತ ಹೊಗೆಯೇ ಜಾಸ್ತಿ. ಉಳಿದ ಸಿಪ್ಪೆಯಲ್ಲಿ ಹಂದಿಮಾಂಸ ಹೊಗೆಗೆ ಕಟ್ಟಿದೆ, ಅದು ಮಾತ್ರ ಭೇಷ್ ಆಯಿತು. ಬೆಂಕಿ ಹತ್ತಿಸಲು ತೆಂಗಿನ ಚಿಪ್ಪಿನ ಜತೆ ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಮನೆಗೆ ಬನ್ನಿ.

ಆಟಿ 18ಕ್ಕೆ ನಮ್ಮಲ್ಲಿ ಮಾಡುವ ಮದ್ದುಸೊಪ್ಪಿನ (ಔಷಧಿ ಸೊಪ್ಪಿನ) ಪಾಯಸ ಎರಡು ಚಮಚ ತಿಂದು, ವಾರದೊಳಗೆ ಅಜ್ಜ ಹೋದರು. ಕೇಪಿನ ಕೋವಿಗೆ ತುಂಬುವ ಸಿಡಿಮದ್ದು ತೇವ ಎಳೆದಿತ್ತು. ತೋಟಾ ಕೋವಿಯಲ್ಲಿ, ಸಾವಿಗೆ ಹೊಡೆಯುವ ಜೋಡಿ ಗುಂಡು ಹೊಡೆದು ಊರಿಗೆ ತಿಳಿಸಿದೆವು. ಹಿಂದಿನ ದಿನದಿಂದ ಆರೇಳು ಇಂಚು ಸುರಿದಿತ್ತು. ಇಂಥ ಮಳೆಯಲ್ಲಿ ಸಾಮಾನ್ಯವಾಗಿ ಬೆಂಕಿ ಮುಟ್ಟಿಸಿದ್ದೇ ತಡ, ಎಲ್ಲರೂ ಜೀಪಿಗೆ ಓಡುತ್ತಾರೆ. ಅವತ್ತು ಯಾರಿಗೂ ಅವಸರವಿರಲಿಲ್ಲ. ಅಜ್ಜಿ ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೈ ಹಿಡಿದು ಕೂತರು, ಬಾಯಿಗೆ ನೀರು ಬಿಟ್ಟರು, ಗಲ್ಲಕ್ಕೆ ಅಂಟಿದ್ದ ತುಳಸಿ ಎಲೆ ತೆಗೆದು ಸೆರಗಿನಿಂದ ಒರೆಸಿದರು. "ಚಳಿ ಅಂತಿದ್ರಲ್ಲ, ಆಯ್ತು" ಅಂದರು. ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ಒಬ್ಬೊಬ್ಬರಾಗಿ ಕಾಲು ಮುಟ್ಟಿದರು. ಅಜ್ಜನ ಮೇಲೆ ಒಂದು ಹನಿ ಬೀಳಲಿಲ್ಲ.

ಅರ್ಧ ಗಂಟೆಯಲ್ಲಿ ಬೆಂಕಿ ಚೆನ್ನಾಗಿ ಹಿಡಿದುಕೊಂಡಿತು. ದೊಡ್ಡಪ್ಪ ಗುಟ್ಟಾಗಿ ತಂದಿದ್ದ ಡೀಸೆಲ್ ಕ್ಯಾನು ಜೀಪಿನಿಂದ ಇಳಿಯಲೇ ಇಲ್ಲ, ಇದನ್ನು ನಾನು ಇನ್ನೂ ಎತ್ತಾಡುತ್ತಿರುತ್ತೇನೆ. ನಾಲ್ಕೈದು ಗಂಟೆಗೆಲ್ಲ ಮುಗಿಯಿತು. ಸೌದೆ 4 ಕ್ವಿಂಟಾಲಿಗಿಂತ ಸ್ವಲ್ಪ ಮೇಲೆ. ಮೇಲೆ ಮಾಡು ಇಲ್ಲದಿದ್ದರೆ ಆರೇಳು ಕ್ವಿಂಟಾಲಾದರೂ ಬೇಕಿತ್ತು.

ಪೈಪು, ತಗಡಿಗೆ 22 ಸಾವಿರದ ಹತ್ತಿರ, ವೆಲ್ಡಿಂಗಿಗೆ ಆರೇಳು ಸಾವಿರ. ಮುದುಡಿದ ತಗಡು ಕೋಳಿಗೂಡಿನ ಮೇಲಿದೆ. ಮೈಸೂರಿಗೆ ಹೋಗಿದ್ದರೂ ಗಾಡಿ, ನೆಂಟರ ಜೀಪು, ಊಟ ಅಂತ ಒಂದೇ ದಿನಕ್ಕೆ ಅಷ್ಟೇ ಆಗುತ್ತಿತ್ತು. ಮಂಚದ ಕೆಳಗೆ ತಗಡಿನ ತಟ್ಟೆ ಇಟ್ಟಿದ್ದರಿಂದ ಅಸ್ಥಿ ಒಣಗಿದ್ದೇ ಸಿಕ್ಕಿತು. ಅಸ್ಥಿ ಬಿಡಬೇಕಾದ ಭಾಗಮಂಡಲದ ತ್ರಿವೇಣಿ ಸಂಗಮ ಉಕ್ಕಿ ಹರಿಯುತ್ತಿತ್ತು. ಮಡಕೆಯನ್ನು ಹಲಸಿನ ಮರಕ್ಕೆ ಕಟ್ಟಿಟ್ಟು, ನೀರು ಇಳಿದ ಮೇಲೆ ಹೋಗಿ ಬಿಟ್ಟು ಬಂದೆವು.

ಈಗ ಅಕ್ಕಪಕ್ಕದ ಊರಿನವರು ಮಾಡು, ಮಂಚ ಎರಡನ್ನೂ ಕೇಳಿ ಒಯ್ಯುತ್ತಾರೆ. ಬಾಡಿಗೆ ಇಲ್ಲ. ಬೋಲ್ಟುಗಳನ್ನು ಮಾತ್ರ ಎಣಿಸಿ ವಾಪಸ್ ಕೊಡಬೇಕು. ಹೋದ ಸಲ ಎರಡು ಕಡಿಮೆ ಬಂದಿವೆ.