ಫ್ರಂಟ್‌ಎಂಡೋ, ಬ್ಯಾಕ್‌ಎಂಡೋ, ಸರ್ವರೋ: ಒಂದೇ ಆ್ಯಪ್ ಕಟ್ಟಿ ದಾರಿ ಆರಿಸಿಕೊಂಡ ಬಗೆ

ವೆಬ್ ಕೆಲಸಕ್ಕೆ ಮೂರು ದಾರಿ: ಕಣ್ಣಿಗೆ ಕಾಣುವ ಪುಟ (ಫ್ರಂಟ್‌ಎಂಡ್), ಅದರ ಹಿಂದಿನ ಡೇಟಾ (ಬ್ಯಾಕ್‌ಎಂಡ್), ಎರಡನ್ನೂ ಓಡಿಸುವ ಯಂತ್ರ (ಸರ್ವರ್). ರಿಯಾಕ್ಟ್ ಕಲಿಯಲೋ ಪೈಥಾನ್ ಕಲಿಯಲೋ ಅನ್ನುವುದು ಆಮೇಲಿನ ಪ್ರಶ್ನೆ. ವೆಬ್ ಕೆಲಸದಲ್ಲಿ ದಿನದ ಬಹುಪಾಲು ಹೋಗುವುದು ಕೆಟ್ಟದ್ದು ಯಾಕೆ ಕೆಟ್ಟಿತು ಅಂತ ಹುಡುಕುವುದರಲ್ಲಿ. ಯಾವ ಥರದ ತಪ್ಪಿನ ಮುಂದೆ ಬೇಸರವಿಲ್ಲದೆ ಕೂರಬಲ್ಲೆ ಅಂತ ಗೊತ್ತಾದರೆ ದಾರಿ ಅರ್ಧ ಗೊತ್ತಾದಂತೆ.

ಅದಕ್ಕೆ ನಾನು ಹಿಡಿದ ವಿಧಾನ: ಒಂದೇ ಸಣ್ಣ ಆ್ಯಪು, ಮೂರು ಪದರ, ಪದರಕ್ಕೆ ಎರಡು ವಾರ, ದಿನಕ್ಕೆ ಎರಡು ಗಂಟೆ. ಎರವಲು ಕೊಟ್ಟ ಪುಸ್ತಕಗಳ ಪಟ್ಟಿ ಸಾಕು: ಪುಸ್ತಕ, ಒಯ್ದವರು, ಕೊಟ್ಟ ದಿನ, ವಾಪಸ್ ಬಂದ ದಿನ. ಲಾಗಿನ್ ಬೇಡವೇ ಬೇಡ. ಅದಕ್ಕೆ ಕೈಹಾಕಿದರೆ ಆರು ವಾರವೂ ಅಲ್ಲೇ ಕರಗುತ್ತದೆ.

ಮೊದಲ ಪದರ ಪುಟದ್ದು. ಫ್ರೇಮ್‌ವರ್ಕ್ (ಸಿದ್ಧ ಕೋಡ್ ಚೌಕಟ್ಟು) ಮುಟ್ಟದೆ ಎಚ್‌ಟಿಎಂಎಲ್, ಸಿಎಸ್‌ಎಸ್, ಚೂರು ಜಾವಾಸ್ಕ್ರಿಪ್ಟ್. 320 ಪಿಕ್ಸೆಲ್ ಅಗಲದಲ್ಲಿ ಅಡ್ಡ ಸ್ಕ್ರೋಲ್ ಬರಬಾರದು, ಮೌಸ್ ಇಲ್ಲದೆ ಫಾರ್ಮ್ ತುಂಬಲು ಬರಬೇಕು, ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ ಕನಿಷ್ಠ 4.5:1 ಇರಬೇಕು. ಫ್ಲೆಕ್ಸ್ (ಸಿಎಸ್‌ಎಸ್‌ನಲ್ಲಿ ಪಕ್ಕಪಕ್ಕ ಜೋಡಿಸುವ ಬಗೆ) ಹಾಕಿದ ಸಾಲಿನೊಳಗೆ ಉದ್ದನೆಯ ಲಿಂಕ್ ಒಂದನ್ನು ಅಂಟಿಸಿ ನೋಡಿ, ಇಡೀ ಪುಟ ಅಡ್ಡಕ್ಕೆ ಜಾರುತ್ತದೆ. ಫ್ಲೆಕ್ಸ್ ಐಟಂನ ಮಿನ್-ವಿಡ್ತ್ (ಕನಿಷ್ಠ ಅಗಲ) ತಾನಾಗಿ ‘ಆಟೊ’ ಇರುವುದರಿಂದ ಅದು ಒಳಗಿನ ಪದಕ್ಕಿಂತ ಕುಗ್ಗುವುದಿಲ್ಲ. ಅದನ್ನು ಸೊನ್ನೆ ಮಾಡಿ, ಉದ್ದ ಪದ ಮುರಿದು ಕೆಳಗಿನ ಸಾಲಿಗೆ ಹೋಗುವಂತೆ ಓವರ್‌ಫ್ಲೋ-ರ್‍ಯಾಪ್‌ಗೆ ಬ್ರೇಕ್-ವರ್ಡ್ ಕೊಟ್ಟರೆ ಸರಿಹೋಯಿತು. ಇದಕ್ಕೆ ಒಂದು ಗಂಟೆ ಕೊಟ್ಟದ್ದು ದಂಡ ಅನಿಸಿದರೆ ಫ್ರಂಟ್‌ಎಂಡ್ ನಿಮಗಲ್ಲ.

ಎರಡನೆಯದು ಡೇಟಾ. ಹತ್ತು ಸಾಲು ಇಟ್ಟುಕೊಂಡು ಬ್ಯಾಕ್‌ಎಂಡ್ ಮಾಡಿದರೆ ಏನೂ ತಿಳಿಯುವುದಿಲ್ಲ. ಎಲ್ಲವೂ ವೇಗವಾಗಿಯೇ ಇರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ಗೆ ಎರಡು ಲಕ್ಷ ಸುಳ್ಳು ಸಾಲು ತುಂಬಿಸಿ, ಅದಕ್ಕೆ ಹೋಗುವ ಪ್ರತಿ ಕ್ವೆರಿಯನ್ನೂ (ಡೇಟಾ ಕೇಳುವ ಪ್ರಶ್ನೆ) ಬರೆದಿಡುವ ಕ್ವೆರಿ ಲಾಗ್ ಆನ್ ಮಾಡಿ. 50 ಪುಸ್ತಕ ತೋರಿಸುವ ಪುಟಕ್ಕೆ 51 ಕ್ವೆರಿ ಹೋಗುತ್ತಿರಬಹುದು: ಪಟ್ಟಿಗೆ ಒಂದು, ಒಯ್ದವರ ಹೆಸರಿಗೆ ಒಂದೊಂದು. ಎರಡು ಪಟ್ಟಿಗಳನ್ನು ಜೋಡಿಸುವ ಜಾಯಿನ್ ಹಾಕಿದರೆ ಒಂದೇ ಸಾಕು. ಆಮೇಲೆ ಒಬ್ಬರ ಎರವಲುಗಳನ್ನಷ್ಟೇ ಹುಡುಕುವ ಕ್ವೆರಿಗೆ, ಅದು ಹೇಗೆ ನಡೆಯಿತೆಂದು ತೋರಿಸುವ ಎಕ್ಸ್‌ಪ್ಲೇನ್ ಅನಲೈಸ್ ಓಡಿಸಿ. ಸೀಕ್ವೆನ್ಶಿಯಲ್ ಸ್ಕ್ಯಾನ್ (ಎಲ್ಲ ಸಾಲುಗಳನ್ನೂ ಒಂದೊಂದಾಗಿ ಓದುವುದು) ಕಂಡರೆ ಒಯ್ದವರ ಕಾಲಂಗೆ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇಲ್ಲವೆಂದೇ ಮೊದಲು ಶಂಕಿಸಿ; ಫಾರಿನ್ ಕೀ (ಬೇರೆ ಪಟ್ಟಿಯ ಸಾಲಿಗೆ ಕೊಂಡಿ) ಕೊಟ್ಟ ಮಾತ್ರಕ್ಕೆ ಪೋಸ್ಟ್‌ಗ್ರೆಸ್ ಇಂಡೆಕ್ಸ್ ಕಟ್ಟಿಕೊಡುವುದಿಲ್ಲ. ಇನ್ನೊಂದು ಪರೀಕ್ಷೆ: ಒಂದೇ ಪ್ರತಿಯನ್ನು ಇಬ್ಬರಿಗೆ ಒಂದೇ ಕ್ಷಣದಲ್ಲಿ ಕೊಡಲು ಹೋಗಿ. ಕೋಡ್‌ನಲ್ಲಿ ‘ಒಳಗಿದೆಯಾ’ ಅಂತ ನೋಡುವುದು ಇಲ್ಲಿ ಕೈಕೊಡುತ್ತದೆ, ಯಾಕೆಂದರೆ ಇಬ್ಬರಿಗೂ ‘ಇದೆ’ ಅಂತಲೇ ಉತ್ತರ ಬಂದಿರುತ್ತದೆ. ವಾಪಸ್ ದಿನ ಖಾಲಿಯಿರುವ ಸಾಲುಗಳಿಗಷ್ಟೇ ಅನ್ವಯಿಸುವ ಯುನೀಕ್ ಇಂಡೆಕ್ಸ್ (ಒಂದು ಪ್ರತಿಗೆ ಅಂಥ ಒಂದೇ ಸಾಲು ಎಂಬ ಕಟ್ಟು) ಹಾಕಿದರೆ ಎರಡನೆಯದನ್ನು ಡೇಟಾಬೇಸೇ ತಳ್ಳುತ್ತದೆ. ಈ ಒಗಟು ರುಚಿಸಿದವರಿಗೆ ಬ್ಯಾಕ್‌ಎಂಡ್.

ಮೂರನೆಯದು ಸರ್ವರ್. ಒಂದು ಲಿನಕ್ಸ್ ಯಂತ್ರ, ಮುಂದೆ ಬ್ರೌಸರ್‌ನ ಕೋರಿಕೆಯನ್ನು ಆ್ಯಪ್‌ಗೆ ದಾಟಿಸುವ ಎಂಜಿನ್‌ಎಕ್ಸ್, ಹಿಂದೆ ಆ್ಯಪ್. ಎಲ್ಲ ನಡೆಯುತ್ತಿರುವಾಗ ರೀಬೂಟ್ ಮಾಡಿ. 502 (ಹಿಂದಿನ ಆ್ಯಪ್‌ನಿಂದ ಸರಿಯಾದ ಉತ್ತರವಿಲ್ಲ ಎಂಬ ಎರರ್) ಬಂದರೆ, ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಆ್ಯಪ್‌ನ ಸರ್ವಿಸನ್ನು ಸ್ಟಾರ್ಟ್ ಮಾಡಿದ್ದೀರಿ, ರೀಬೂಟ್ ಆದಾಗ ತಾನೇ ಶುರುವಾಗುವಂತೆ ಎನೇಬಲ್ ಮಾಡುವುದನ್ನು ಮರೆತಿರಬಹುದು. ಬ್ಯಾಕಪ್ ತೆಗೆದರೆ ಸಾಲದು. ಡೇಟಾಬೇಸನ್ನು ಬೇಕೆಂದೇ ಅಳಿಸಿ ಆ ಬ್ಯಾಕಪ್‌ನಿಂದ ವಾಪಸ್ ತನ್ನಿ.

ದಿನವೂ ಮೂರು ಸಂಗತಿ ಬರೆದಿಡಿ: ಏನು ಕೆಟ್ಟಿತು, ಎಷ್ಟು ನಿಮಿಷ ಹಿಡಿಯಿತು, ಎರಡು ಗಂಟೆ ಮುಗಿದ ಮೇಲೂ ಏಳಲು ಮನಸ್ಸಾಗಲಿಲ್ಲವೇ. ಆರು ವಾರದ ಕೊನೆಗೆ ಈ ಮೂರನೆಯ ಸಂಗತಿಯನ್ನಷ್ಟೇ ಪದರವಾರು ಎಣಿಸಿದರೆ ಸಾಕು. ಆದರೆ ಎರರ್ ಬಂದ ತಕ್ಷಣ ಅದನ್ನು ಎಐಗೆ ಅಂಟಿಸಿದರೆ ಈ ಲೆಕ್ಕ ಸುಳ್ಳಾಗುತ್ತದೆ, ಹುಡುಕಿದ್ದು ನೀವಲ್ಲವಲ್ಲ. ಮೊದಲ ಅರ್ಧ ಗಂಟೆ ಲಾಗ್ ಮತ್ತು ಅಧಿಕೃತ ಡಾಕ್ಯುಮೆಂಟೇಶನ್ ಮಾತ್ರ.

ಫುಲ್‌ಸ್ಟ್ಯಾಕ್? ಮೂರೂ ಅಷ್ಟಷ್ಟು ಬರುವುದು ಒಳ್ಳೆಯದೇ, ಆದರೆ ಸಂದರ್ಶನದಲ್ಲಿ ಆಳಕ್ಕೆ ಕೇಳುವಾಗ ಒಂದಾದರೂ ಗಟ್ಟಿಯಿರಬೇಕು. ರೀಡ್‌ಮಿಯಲ್ಲಿ (ಕೋಡ್ ಜೊತೆಗಿಡುವ ಪರಿಚಯದ ಕಡತ) ಸ್ಕ್ರೀನ್‌ಶಾಟ್‌ಗಳ ಬದಲು ಆ 51 ಕ್ವೆರಿ ಒಂದಕ್ಕೆ ಇಳಿದದ್ದನ್ನು, ಮುಂಚಿನ ಮತ್ತು ಆಮೇಲಿನ ಲಾಗ್ ಸಮೇತ, ಹಾಕಿ.