ಶಿಫ್ಟ್ ಕೆಲಸ ಬಿಡದೇ ಎಂಬಿಎ ಮುಗಿಸಿದೆ

ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡಿಕೊಂಡು ಎಂಬಿಎ ಆಗೋ ಮಾತಲ್ಲ ಅಂತ ಸ್ನೇಹಿತರು, ಮನೆಯವರು, ಮ್ಯಾನೇಜರು ಎಲ್ಲರೂ ಹೇಳಿದ್ದರು. ಆಯಿತು. ಸಾಲ ಇಲ್ಲದೆ ಆಯಿತು.

ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಕೆಲಸದಲ್ಲಿರುವವರಿಗೆ ವಾರಾಂತ್ಯದ ಕೋರ್ಸ್ ಇದೆ. ಒಳ್ಳೆಯದೇ. ಆದರೆ ಲಕ್ಷಗಟ್ಟಲೆ ದುಡ್ಡು ಬೇಕು, ನಮ್ಮ ವಾರದ ರಜೆ ಶನಿವಾರ, ಭಾನುವಾರವೇ ಬರುತ್ತದೆ ಅನ್ನೋ ಹಾಗಿಲ್ಲ. ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೊಗೆ ಸೇರಿದೆ. ನಾಲ್ಕು ಸೆಮಿಸ್ಟರಿಗೆ ಪರೀಕ್ಷೆ ಶುಲ್ಕವೂ ಸೇರಿ ಎಪ್ಪತ್ತು ಸಾವಿರದ ಆಸುಪಾಸು ಆಗಿರಬೇಕು.

ಮೊದಲ ವರ್ಷ ತಿಣುಕಾಡಿದೆ. ಒಂದು ಟ್ಯೂಷನ್ ಸೆಂಟರಿನವರು ಹದಿನೈದು ಸಾವಿರ ತೆಗೆದುಕೊಂಡು ಒಂದು ಕಟ್ಟು ಜೆರಾಕ್ಸ್ ಕೊಟ್ಟರು. ಅದೇ ಪುಸ್ತಕಗಳು ಇಗ್ನೊದ ಆನ್‌ಲೈನ್ ಪುಸ್ತಕ ಭಂಡಾರ ಇ-ಜ್ಞಾನಕೋಶದಲ್ಲಿ ಪುಕ್ಕಟೆ ಸಿಗುತ್ತವೆ! ಬೆಳಗಿನ ಜಾವ ಎದ್ದು ಓದೋದು ನೈಟ್ ಶಿಫ್ಟ್ ಬಂದ ವಾರವೇ ನಿಂತುಹೋಯಿತು. ಲೆಕ್ಕ, ಅಂಕಿಅಂಶದ ಕ್ವಾಂಟಿಟೇಟಿವ್ ಪೇಪರ್ ಜೂನ್‌ನಲ್ಲಿ ಫೇಲಾಯಿತು, ಡಿಸೆಂಬರ್‌ನಲ್ಲಿ ಪಾಸಾಯಿತು.

ಕೊನೆಗೆ ಕೈಹಿಡಿದದ್ದು ಇದು. ಪುಸ್ತಕ ತೆರೆಯುವ ಮೊದಲೇ ಅಸೈನ್‌ಮೆಂಟ್ ಪ್ರಶ್ನೆ ಮುಂದಿಟ್ಟುಕೊಳ್ಳುತ್ತಿದ್ದೆ. ಶೇ 30 ಅಂಕ ಅದರಲ್ಲೇ ಇದೆಯಲ್ವಾ? ಲೆಕ್ಕಕ್ಕೆ ಪುಸ್ತಕದ ಉದಾಹರಣೆ ಬಿಟ್ಟು ನಮ್ಮ ಲೈನಿನದ್ದೇ ಹಾಕುತ್ತಿದ್ದೆ. ಯಂತ್ರದ ಶಾಫ್ಟಿಗೆ ಹಾಕುವ ಕೊಳವೆಯಂಥ ಬಿಡಿಭಾಗ, ಬುಶ್, ಅದರ ಒಂದು ಆರ್ಡರ್ ಬಂದಿತ್ತು. ತಿಂಗಳ ಸ್ಥಿರ ಖರ್ಚು ಸುಮಾರು 1.8 ಲಕ್ಷ. ಮಾಲು, ಟೂಲು, ಕರೆಂಟು ಕಳೆದರೆ ಪೀಸಿಗೆ 60 ರೂಪಾಯಿ ಉಳಿಯುತ್ತಿತ್ತು. ಅಂದರೆ 3,000 ಪೀಸ್ ದಾಟಿದ ಮೇಲೆ ಲಾಭ. ಲಾಭವೂ ಇಲ್ಲದ, ನಷ್ಟವೂ ಇಲ್ಲದ ಈ ಹಂತಕ್ಕೇ ಬ್ರೇಕ್-ಈವನ್ ಅನ್ನೋದು, ಆಮೇಲೆ ಮರೆಯಲೇ ಇಲ್ಲ.

ಓದಿದ್ದನ್ನು ಕನ್ನಡದಲ್ಲಿ ಫೋನಿಗೆ ಹೇಳಿ ರೆಕಾರ್ಡ್ ಮಾಡುತ್ತಿದ್ದೆ, ಮೆಟ್ರೊದಲ್ಲಿ ಕೇಳುತ್ತಿದ್ದೆ. ಪರೀಕ್ಷೆ ಇಂಗ್ಲಿಷಿನಲ್ಲೇ ಬರೆಯಬೇಕು, ನಿಜ. ಆದರೆ ತಲೆಗೆ ಹತ್ತಿದ್ದು ಕನ್ನಡದಲ್ಲಿ. ಯಾವ ಪೇಪರಿನ ಜೊತೆ ಯಾವುದನ್ನು ಜೋಡಿಸಿ ಓದುತ್ತಿದ್ದೆ ಅನ್ನೋದನ್ನು ಮಾತ್ರ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ನೈಟ್ ಶಿಫ್ಟಿನ ಹುಡುಗರಿಂದಲೇ ರಿಜೆಕ್ಷನ್, ಅಂದರೆ ತಿರಸ್ಕೃತವಾಗೋ ಪೀಸು, ಜಾಸ್ತಿ ಅಂತ ನಮ್ಮಲ್ಲಿ ಎಲ್ಲರ ನಂಬಿಕೆ. ಕೆಲವು ತಿಂಗಳ ರಿಜಿಸ್ಟರ್ ತೆಗೆದು, ಯಾವುದಕ್ಕೂ ಯಾವುದಕ್ಕೂ ಸಂಬಂಧ ಇದೆ ಅಂತ ನೋಡುವ ರಿಗ್ರೆಷನ್ ಲೆಕ್ಕ ಹಾಕಿದೆ. ಶಿಫ್ಟಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ. ಇನ್ಸರ್ಟ್ (ಟೂಲಿನ ತುದಿಯ ಕತ್ತರಿಸುವ ಚೂರು) ಬದಲಾಯಿಸೋದು ತಡವಾದಾಗ ಮಾತ್ರ ರಿಜೆಕ್ಷನ್ ಏರುತ್ತಿತ್ತು. ಮ್ಯಾನೇಜರ್ ಎರಡೆರಡು ಸಲ ಲೆಕ್ಕ ನೋಡಿದರು. ನನ್ನ ಪ್ರಾಜೆಕ್ಟ್ ವರದಿಯೂ ಅದೇ ಆಯಿತು.

ಈಗ ಪ್ಲಾನಿಂಗ್ ವಿಭಾಗದಲ್ಲಿದ್ದೇನೆ. ಸಂಬಳ ತಿಂಗಳಿಗೆ ಎಂಟೊಂಬತ್ತು ಸಾವಿರ ಏರಿತು, ಕಟ್ಟಿದ ಫೀಸು ವರ್ಷದೊಳಗೇ ವಾಪಸು ಬಂತು.